ಹಿರಿಯರ ಫ್ಲೂ, ನ್ಯುಮೋನಿಯಾ ಲಸಿಕೆ: ಪತ್ತನಾಜೆಯೊಳಗೆ ಮುಗಿಸಿ

ಅಡಿಕೆಗೆ ಬೋರ್ಡೋ ಮದ್ದು ಬಿಡುವುದು ಕೊಳೆರೋಗ ಬಂದ ಮೇಲಲ್ಲ, ಮಳೆ ಹಿಡಿಯುವ ಮೊದಲು. ಮಂಜೇಶ್ವರ, ಬದಿಯಡ್ಕದ ಕೃಷಿಕರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮನೆಯ ಹಿರಿಯರ ಫ್ಲೂ ಲಸಿಕೆಯ ಲೆಕ್ಕವೂ ಇದೇ. ನಮ್ಮ ಕರಾವಳಿಯಲ್ಲಿ ಮಳೆಗಾಲದ ಜೊತೆಗೇ ಫ್ಲೂ ಏರುತ್ತದೆ, ಲಸಿಕೆ ಕೆಲಸ ಶುರುಮಾಡಲು ಸುಮಾರು ಎರಡು ವಾರ ಬೇಕು. ಹಾಗಾಗಿ ವಿಷು ಕಳೆದು, ಮೇ 24ರ ಸುಮಾರಿಗೆ ಬರುವ ಪತ್ತನಾಜೆಯೊಳಗೆ ಮುಗಿಸುವುದು ಒಳ್ಳೆಯದು. ತಪ್ಪಿಹೋದರೆ ಆಟಿ ತಿಂಗಳಲ್ಲಾದರೂ (ಜುಲೈ-ಆಗಸ್ಟ್) ತೆಗೆದುಕೊಳ್ಳಿ.

ಮೊದಲು ಯಾರಿಗೆ ಬೇಕೆಂದು ನೋಡಿ. 65 ದಾಟಿದವರು, ಸಕ್ಕರೆ ಕಾಯಿಲೆ, ದಮ್ಮು, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರು, ಬೀಡಿ-ಸಿಗರೇಟು ಸೇದುವವರು ವೈದ್ಯರನ್ನು ಕೇಳಲೇಬೇಕು. ಗರ್ಭಿಣಿಯರಿಗೂ ಫ್ಲೂ ಲಸಿಕೆ ಕೊಡಬಹುದು.

ಇನ್ನು ಯಾವುದು? ಇಲ್ಲೇ ಹೆಚ್ಚು ಗೊಂದಲ. ಫ್ಲೂ ವೈರಸ್ ರೂಪ ಬದಲಿಸುತ್ತಲೇ ಇರುವುದರಿಂದ ಆ ಲಸಿಕೆ ಪ್ರತಿವರ್ಷ ಬೇಕು. ಪೆಟ್ಟಿಗೆಯ ಮೇಲೆ ಯಾವ ವರ್ಷದ್ದೆಂದು ಅಚ್ಚಾಗಿರುತ್ತದೆ, ಹೊಸದನ್ನೇ ಕೇಳಿ. ನ್ಯುಮೋನಿಯಾ ತರುವ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಲಸಿಕೆ ಹಾಗಲ್ಲ, ಅದರಲ್ಲಿ ಪಿಸಿವಿ, ಪಿಪಿಎಸ್‌ವಿ ಎಂಬ ಬಗೆಗಳಿವೆ. ಪಿಸಿವಿ 13 ತೆಗೆದುಕೊಂಡರೆ ಸಾಮಾನ್ಯವಾಗಿ ಒಂದು ವರ್ಷ ಬಿಟ್ಟು ಪಿಪಿಎಸ್‌ವಿ 23 ಬೇಕಾಗುತ್ತದೆ. ಪಿಸಿವಿ 20 ಸಿಕ್ಕಿದರೆ ಒಂದೇ ಡೋಸ್‌ಗೆ ಮುಗಿಯಿತು. ಫ್ಲೂ ಮತ್ತು ನ್ಯುಮೋಕಾಕಸ್ ಎರಡನ್ನೂ ಒಂದೇ ದಿನ ಬೇರೆ ಬೇರೆ ತೋಳಿಗೆ ಹಾಕಿಸಬಹುದು. ಸೊಸೆಯೋ ಮಗಳೋ ಬಾಣಂತನಕ್ಕೆ ಬರುವವಳಿದ್ದರೆ ಅಜ್ಜ-ಅಜ್ಜಿ ನಾಯಿಕೆಮ್ಮು ತಡೆಯುವ ಟಿಡ್ಯಾಪ್ ಬಗ್ಗೆಯೂ ವಿಚಾರಿಸಿ. ಹಸುಗೂಸಿಗೆ ಆ ಕೆಮ್ಮು ಅಂಟುವುದು ಹೆಚ್ಚಾಗಿ ಮನೆಯ ದೊಡ್ಡವರಿಂದಲೇ.

ಹೊರಡುವ ಮೊದಲು ಫೋನ್ ಮಾಡಿ. ಇವು ಮಕ್ಕಳ ಲಸಿಕೆಯಂತೆ ಎಲ್ಲ ಆರೋಗ್ಯ ಕೇಂದ್ರದಲ್ಲಿ ದೊಡ್ಡವರಿಗೆ ಉಚಿತವಾಗಿ ಸಿಗುವಂಥವಲ್ಲ. ಹೆಚ್ಚಾಗಿ ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಟ್ಟೇ ಹಾಕಿಸಬೇಕು. ಸ್ಟಾಕ್ ಇದೆಯೇ, ಎಷ್ಟಾಗುತ್ತದೆ ಎಂದು ಕೇಳಿಕೊಳ್ಳಿ. ಮೆಡಿಕಲ್‌ನಲ್ಲಿ ಕೊಂಡು ಬಸ್ಸಿನಲ್ಲಿ ಒಯ್ಯುವುದು ನನಗೆ ಸರಿ ಕಾಣುವುದಿಲ್ಲ. ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಮೇ ತಿಂಗಳ ಸೆಕೆಯಲ್ಲಿ ಕೈಚೀಲದೊಳಗೆ ಅದೆಲ್ಲಿಂದ ಬರಬೇಕು? ಫ್ರೀಜರಿನಲ್ಲಿಟ್ಟು ಗಟ್ಟಿಯಾದರೂ ಹಾಳೇ.

ಜ್ವರ ಜೋರಾಗಿದ್ದರೆ ಮುಂದೂಡಿ, ಸಣ್ಣ ಶೀತಕ್ಕೆಲ್ಲ ಮುಂದೂಡಬೇಕಾಗಿಲ್ಲ. ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ, ಹಿಂದೆ ಯಾವುದಾದರೂ ಲಸಿಕೆಗೆ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಚುಚ್ಚಿದ ಮೇಲೆ 15 ನಿಮಿಷವಾದರೂ ಅಲ್ಲೇ ಕುಳಿತಿರಿ. ತೋಳುನೋವು, ಸಣ್ಣ ಜ್ವರ ಒಂದೆರಡು ದಿನ ಇದ್ದೀತು. ಅದು ಫ್ಲೂ ಅಲ್ಲ, ಈ ಇಂಜೆಕ್ಷನ್‌ನಲ್ಲಿ ಜೀವಂತ ವೈರಸ್ ಇರುವುದಿಲ್ಲ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಓಡಿ.

ಕೊನೆಗೆ ಚೀಟಿ. ನಮ್ಮಲ್ಲಿ ಜ್ವರದ ಮದ್ದು ಕುಂಬಳೆಯಲ್ಲಿ, ಹೃದಯದ ಡಾಕ್ಟರು ತಲಪಾಡಿ ಗಡಿಯಾಚೆ ಕರ್ನಾಟಕದ ಮಂಗಳೂರಿನಲ್ಲಿ. ಇಲ್ಲಿಯ ದಾಖಲೆ ಅಲ್ಲಿಯವರಿಗೆ ತಾನಾಗಿ ಸಿಗುವುದಿಲ್ಲ. "ಯಾವುದೋ ನ್ಯುಮೋನಿಯಾ ಇಂಜೆಕ್ಷನ್ ಆಗಿದೆ ಡಾಕ್ಟ್ರೇ" ಎಂದರೆ ಅವರು ಮುಂದಿನ ಡೋಸ್ ಯಾವುದೆಂದು ಹೇಗೆ ಹೇಳಿಯಾರು? ಲಸಿಕೆಯ ಹೆಸರು, ಬ್ಯಾಚ್ ನಂಬರ್, ತಾರೀಕು ಬರೆಸಿಕೊಂಡು ಫೋಟೋ ತೆಗೆದು ಮಕ್ಕಳ ಫೋನಿಗೂ ಕಳಿಸಿಡಿ.