ಅಳತೆ ಟೇಪ್ ಹಿಡಿದು ಮಾನಿಟರ್ ಆರಿಸಿದೆ: ನನ್ನ ಅನುಭವ

27 ಇಂಚು, 4ಕೆ, ಐಪಿಎಸ್, 60 ಹರ್ಟ್ಸ್. ನಾನು ಆರಿಸಿದ ಮಾನಿಟರ್ ಇದು. "ಈ ಕಾಲದಲ್ಲಿ 60 ಹರ್ಟ್ಸ್ ಯಾರು ತಗೊಳ್ತಾರೆ?", "27 ಇಂಚಿಗೆ 4ಕೆ ದಂಡ, ಕಣ್ಣಿಗೆ ಗೊತ್ತೇ ಆಗಲ್ಲ" ಅಂತ ಹೇಳದವರಿಲ್ಲ. ಟೇಪ್ ಹಿಡಿದು ಲೆಕ್ಕ ಹಾಕ್ತಾ ಕೂತಿದ್ದನ್ನು ನೋಡಿ ತಲೆ ಅಲ್ಲಾಡಿಸಿದವರೂ ಇದ್ದಾರೆ. ಈಗ ಹೆಚ್ಚುಕಡಿಮೆ ಒಂದು ವರ್ಷ ಆಗುತ್ತಾ ಬಂತು. ಅಂದು ಹಾಗೆ ಅಂದವರಲ್ಲೇ ಇಬ್ಬರು ಇದೇ ಲೆಕ್ಕ ಹಾಕಿ ಮಾನಿಟರ್ ಬದಲಾಯಿಸಿಕೊಂಡಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ. ಹೊಸಬರಿಗೆ ಎರಡೇ ಮಾತು: ಸ್ಕ್ರೀನಿನ ಒಂದೊಂದು ಚುಕ್ಕಿಯೇ ಪಿಕ್ಸೆಲ್; ಫುಲ್ ಎಚ್‌ಡಿ ಅಂದರೆ 1920 × 1080 ಪಿಕ್ಸೆಲ್, 1440ಪಿ ಅಂದರೆ 2560 × 1440, 4ಕೆ ಅಂದರೆ 3840 × 2160. ಐಪಿಎಸ್ ಒಂದು ಬಗೆಯ ಎಲ್‌ಸಿಡಿ ಪ್ಯಾನೆಲ್; ಹರ್ಟ್ಸ್‌ನಲ್ಲಿ ಹೇಳುವ ರಿಫ್ರೆಶ್ ರೇಟ್ ಅಂದರೆ ಸೆಕೆಂಡಿಗೆ ಚಿತ್ರ ಎಷ್ಟು ಸಲ ಹೊಸದಾಗುತ್ತದೆ ಅನ್ನೋದು. ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

ನನ್ನ ಕೆಲಸ ಪುಟ ವಿನ್ಯಾಸ ಮತ್ತು ಕರಡು ತಿದ್ದುವುದು. ದಿನವಿಡೀ ಕನ್ನಡ ಅಕ್ಷರವೇ ಕಣ್ಣ ಮುಂದೆ. ದ, ಧ, ಥ ಈ ಮೂರನ್ನು ಸಣ್ಣದಾಗಿ ಬರೆದು ನೋಡಿ. ಹೊಟ್ಟೆ ಸೀಳಿದ್ದರೆ ಧ, ಒಳಗೊಂದು ಚುಕ್ಕಿಯೂ ಇದ್ದರೆ ಥ. ಇಷ್ಟೇ ವ್ಯತ್ಯಾಸ. 24 ಇಂಚಿನ ಫುಲ್ ಎಚ್‌ಡಿ ಸ್ಕ್ರೀನಿನಲ್ಲಿ, ಪುಟವನ್ನು ಅದರ ನಿಜ ಅಳತೆಯಲ್ಲೇ ಇಟ್ಟರೆ, 10 ಪಾಯಿಂಟ್ ಅಕ್ಷರದ ಇಡೀ ಎತ್ತರಕ್ಕೆ ಸಿಗುವುದು ಸುಮಾರು 13 ಪಿಕ್ಸೆಲ್. ಅಷ್ಟರಲ್ಲೇ ಅಕ್ಷರ, ಗುಣಿತ, ಕೆಳಗಿನ ಒತ್ತು ಎಲ್ಲವೂ ಕೂರಬೇಕು. ಥ ಒಳಗಿನ ಚುಕ್ಕಿಗೆ ಒಂದು ಪಿಕ್ಸೆಲ್ ಸಿಕ್ಕರೆ ಅದೇ ಹೆಚ್ಚು. 'ರಾಷ್ಟ್ರ'ದ ಒತ್ತುಗಳು ಒಂದು ಬೂದು ಮುದ್ದೆಯಾಗಿ ಕಾಣುತ್ತವೆ. ಅದೇ ಅಕ್ಷರಕ್ಕೆ 27 ಇಂಚಿನ 4ಕೆಯಲ್ಲಿ 22-23 ಪಿಕ್ಸೆಲ್ ಸಿಗುತ್ತದೆ. ಚುಕ್ಕಿ ಚುಕ್ಕಿಯಾಗಿಯೇ ಕಾಣುತ್ತದೆ. ಜೂಮ್ ಮಾಡಿ ಓದಬಹುದಲ್ಲ ಅಂತೀರಾ? ಓದಬಹುದು. ಆದರೆ ಪ್ರತಿ ಪುಟಕ್ಕೂ ಜೂಮ್ ಮಾಡಿ, ಸರಿಸಿ, ವಾಪಸ್ ಬರುತ್ತಾ ಇದ್ದರೆ ಕರಡು ತಿದ್ದುವ ಓಟವೇ ಹೋಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಕಣ್ಣಿನಿಂದ ಸ್ಕ್ರೀನಿನವರೆಗಿನ ದೂರವನ್ನು ಸೆಂಟಿಮೀಟರಿನಲ್ಲಿ ಅಳೆಯಿರಿ. 8700ನ್ನು ಅದರಿಂದ ಭಾಗಿಸಿ. ಬರುವ ಉತ್ತರವೇ ನಿಮಗೆ ಬೇಕಾದ ಪಿಪಿಐ, ಅಂದರೆ ಇಂಚಿಗೆ ಎಷ್ಟು ಪಿಕ್ಸೆಲ್ ಅನ್ನೋದು. ನೋಟದ ಒಂದು ಡಿಗ್ರಿಗೆ 60 ಪಿಕ್ಸೆಲ್ ಅನ್ನುವ ಹಳೆಯ ಅಳತೆಯಿಂದ ಬಂದ ಸಂಖ್ಯೆ ಅದು. 60 ಸೆಂಟಿಮೀಟರಿಗೆ 145, 70ಕ್ಕೆ 124, 80ಕ್ಕೆ 109. ಅಳೆಯುವ ಕೆಲಸ ಮಾತ್ರ ಬೇರೆಯವರಿಂದ ಮಾಡಿಸಿ, ಅದೂ ಸಂಜೆ ಹೊತ್ತಿಗೆ, ನೀವು ಕೆಲಸದಲ್ಲಿ ಮುಳುಗಿರುವಾಗ. ಟೇಪ್ ಕಂಡ ತಕ್ಷಣ ಎಲ್ಲರೂ ನೆಟ್ಟಗೆ ಕೂರುತ್ತಾರೆ. ನನ್ನದು ಬೆಳಿಗ್ಗೆ 72ರ ಹತ್ತಿರ ಇತ್ತು, ಸಂಜೆ 65. ಸಂಜೆಯ ದೂರವೇ ನಿಜವಾದ ದೂರ. 65ಕ್ಕೆ ಬೇಕಾಗಿದ್ದು 134.

ಅಂಗಡಿಯಲ್ಲಿ ಕಾಣುವ ಮಾನಿಟರುಗಳನ್ನು ಈ ಸಂಖ್ಯೆಯ ಪಕ್ಕ ಇಟ್ಟು ನೋಡಿ. 27 ಇಂಚಿನ ಫುಲ್ ಎಚ್‌ಡಿ 82. 24 ಇಂಚಿನದು 92. 27 ಇಂಚಿನ 1440ಪಿ 109. 34 ಇಂಚಿನ ಅಲ್ಟ್ರಾವೈಡ್ (ಹೆಚ್ಚು ಅಗಲದ್ದು, 3440 × 1440) 110. 32 ಇಂಚಿನ 4ಕೆ 138, 27 ಇಂಚಿನ 4ಕೆ 163. ನನಗೆ ಉಳಿದದ್ದು ಕೊನೆಯ ಎರಡೇ. ವಿಮರ್ಶೆ ಓದುವ ಮೊದಲೇ ಮುಕ್ಕಾಲು ಪಾಲು ಮಾದರಿಗಳು ಪಟ್ಟಿಯಿಂದ ಹೊರಗೆ ಹೋದವು. ಮ್ಯಾಕ್ ಬಳಸುವವರು ಇನ್ನೂ ಸ್ವಲ್ಪ ಬಿಗಿಯಾಗಿರಬೇಕು. 2018ರ ಮೊಹಾವಿ ಅನ್ನುವ ಮ್ಯಾಕ್‌ಓಎಸ್ ಆವೃತ್ತಿಯಿಂದ ಆ್ಯಪಲ್ ಸಬ್‌ಪಿಕ್ಸೆಲ್ ನುಣುಪನ್ನು (ಪಿಕ್ಸೆಲ್ಲಿನೊಳಗಿನ ಕೆಂಪು, ಹಸಿರು, ನೀಲಿ ಭಾಗಗಳನ್ನು ಬಳಸಿ ಅಕ್ಷರದ ಅಂಚು ನಯ ಮಾಡುವುದನ್ನು) ಬಿಟ್ಟಿದೆ, ಹಾಗಾಗಿ ಕಡಿಮೆ ಪಿಪಿಐ ಇದ್ದರೆ ಅಕ್ಷರ ಇನ್ನೂ ಸೊರಗಿ ಕಾಣುತ್ತದೆ.

ಆದರೂ ಬರೀ ಲೆಕ್ಕ ನಂಬಿ ಕೂರಲಿಲ್ಲ. ಉಳಿದವನ್ನೂ ಮೇಜಿನ ಮೇಲೆ ತಂದಿಟ್ಟು ನೋಡಿದೆ. ಕೆಲವು ಗೆಳೆಯರಿಂದ ಎರವಲು, ಕೆಲವು ವಾಪಸಾತಿ ಅವಧಿ ಇದ್ದದ್ದು. ವಾಪಸ್ ಕಳಿಸುವ ಖರ್ಚು ನಮ್ಮ ತಲೆಗೇ ಬರಬಹುದು ಅನ್ನೋದನ್ನು ಮೊದಲೇ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಟ್ಟು ಇಟ್ಟುಕೊಂಡಿದ್ದ ದುಡ್ಡಿನಲ್ಲಿ ಹತ್ತರಲ್ಲಿ ಒಂದು ಪಾಲು ನನಗೆ ಹೀಗೇ ಹೋಯಿತು. ಅದು ವ್ಯರ್ಥ ಅಂತ ನನಗೆ ಅನ್ನಿಸಿಲ್ಲ.

27 ಇಂಚಿನ ಫುಲ್ ಎಚ್‌ಡಿ ಎರಡೇ ದಿನದಲ್ಲಿ ಹೊರಟಿತು. ಅಕ್ಷರ ದೊಡ್ಡದಾಗಿ ಕಂಡಿತೇ ಹೊರತು ಸ್ಪಷ್ಟವಾಗಲಿಲ್ಲ. ಬಾಗಿದ 34 ಇಂಚಿನ ವಿಎ ಪ್ಯಾನೆಲ್ (ಎಲ್‌ಸಿಡಿಯ ಇನ್ನೊಂದು ಬಗೆ) ಮೇಲೆ ನನಗೂ ಆಸೆ ಇತ್ತು. 3000:1 ಕಾಂಟ್ರಾಸ್ಟ್, ಕಪ್ಪು ನಿಜವಾಗಿ ಕಪ್ಪು. ಆದರೆ ಕಡುಬೂದು ಹಿನ್ನೆಲೆಯಲ್ಲಿ ಪುಟ ಸ್ಕ್ರೋಲ್ ಮಾಡಿದರೆ ಅಕ್ಷರಗಳು ಹಿಂದೆ ನೆರಳು ಎಳೆಯುತ್ತವೆ. ಓವರ್‌ಡ್ರೈವ್ (ಪಿಕ್ಸೆಲ್ ಬೇಗ ಬದಲಾಗುವಂತೆ ಮಾಡುವ ಸೆಟ್ಟಿಂಗ್) ಏರಿಸಿದರೆ ಕಪ್ಪು ನೆರಳು ಹೋಗಿ ಬಿಳಿ ನೆರಳು ಬರುತ್ತದೆ. ಪೆಟ್ಟಿಗೆಯ ಮೇಲೆ '1 ಎಂಎಸ್' (ಪಿಕ್ಸೆಲ್ ಬದಲಾಗಲು ಒಂದು ಮಿಲಿಸೆಕೆಂಡ್) ಅಂತ ಬರೆದಿದ್ದೇ ಬಂತು. ಅದಕ್ಕಿಂತ ದೊಡ್ಡ ತೊಂದರೆ ಬಾಗು. ಕಾಲಂ ಗೆರೆ ನೆಟ್ಟಗಿದೆಯೋ ಇಲ್ಲವೋ ಅಂತ ಪ್ರತಿ ಸಲ ಅನುಮಾನ. ಪುಟ ಕಟ್ಟುವವರಿಗೆ ಅದು ಆಗುವ ಮಾತಲ್ಲ.

ಗೆಳೆಯರೊಬ್ಬರ ಓಎಲ್‌ಇಡಿ ಮಾನಿಟರನ್ನು (ಪ್ರತಿ ಪಿಕ್ಸೆಲ್ ತಾನೇ ಬೆಳಗುವಂಥದ್ದು) ಒಂದು ವಾರ ಇಟ್ಟುಕೊಂಡಿದ್ದೆ. ಚಿತ್ರ ನೋಡಲು ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ, ಒಪ್ಪುತ್ತೇನೆ. ಆದರೆ ಅದರಲ್ಲಿ ಕೆಂಪು, ಹಸಿರು, ನೀಲಿ ಒಂದೇ ಸಾಲಿನಲ್ಲಿ ಇರಲಿಲ್ಲ, ತ್ರಿಕೋನದಂತೆ ಕೂತಿದ್ದವು. ವಿಂಡೋಸಿನಲ್ಲಿ ಅಕ್ಷರ ನಯ ಮಾಡುವ ಕ್ಲಿಯರ್‌ಟೈಪ್ ಅವು ಸಾಲಾಗಿವೆ ಅಂತಲೇ ಅಂದುಕೊಂಡು ಅಕ್ಷರ ಬಿಡಿಸುತ್ತದೆ. ಫಲವಾಗಿ ಕಪ್ಪು ಅಕ್ಷರದ ಮೇಲಂಚಿಗೆ ಒಂದು ಬಣ್ಣ, ಕೆಳಗಂಚಿಗೆ ಇನ್ನೊಂದು. ಕನ್ನಡದ ತಲೆಕಟ್ಟಿಗೆ ಇದು ನೇರವಾಗಿ ಹೊಡೆಯುತ್ತದೆ. ಇಂಗ್ಲಿಷ್ ಓದುವವರಿಗೆ ಇಷ್ಟು ಕಾಣಲಿಕ್ಕಿಲ್ಲ. ಜೊತೆಗೆ ನನ್ನ ಟೂಲ್‌ಬಾರುಗಳು ಬೆಳಗಿನಿಂದ ರಾತ್ರಿವರೆಗೆ ಒಂದೇ ಜಾಗದಲ್ಲಿ ಇರುತ್ತವೆ, ಬರ್ನ್-ಇನ್ (ಒಂದೇ ಚಿತ್ರದ ಅಚ್ಚು ಸ್ಕ್ರೀನಿನಲ್ಲಿ ಉಳಿದುಬಿಡುವುದು) ಭಯ ಸುಮ್ನೆ ಅಲ್ಲ.

ಕೊನೆಗೆ 32 ಮತ್ತು 27ರ ನಡುವೆ ಪೈಪೋಟಿ. ಲೆಕ್ಕದ ಪ್ರಕಾರ 32 ಸಾಕು. ಆದರೆ 65 ಸೆಂಟಿಮೀಟರಿನಿಂದ ನೋಡಿದರೆ 71 ಸೆಂಟಿಮೀಟರ್ ಅಗಲದ ಸ್ಕ್ರೀನಿನ ಮೂಲೆಗಳು ತುಂಬ ಓರೆಯಾಗಿ ಕಾಣುತ್ತವೆ. ಐಪಿಎಸ್‌ನ ಮಂಕು ಹೊಳಪು ಅಲ್ಲೇ ಎದ್ದು ಕಾಣುವುದು. ಕತ್ತು ಬೇರೆ ಆಡಿಸುತ್ತಲೇ ಇರಬೇಕು. 27 ಇಂಚಿನದು 60 ಸೆಂಟಿಮೀಟರ್ ಅಗಲ, 33ಕ್ಕೂ ಸ್ವಲ್ಪ ಜಾಸ್ತಿ ಎತ್ತರ. ಎ4 ಪುಟದ ಎತ್ತರ 29.7, ಅಗಲ 21. ಅಂದರೆ ಎರಡು ಎದುರುಬದುರು ಪುಟಗಳು ನಿಜ ಅಳತೆಯಲ್ಲೇ ಕೂತು, ಪಕ್ಕದಲ್ಲಿ ಪ್ಯಾಲೆಟ್ಟುಗಳಿಗೆ 18 ಸೆಂಟಿಮೀಟರ್ ಉಳಿಯುತ್ತದೆ. ಅಚ್ಚಾದ ಹಾಳೆಯನ್ನು ಸ್ಕ್ರೀನಿಗೆ ಒತ್ತಿ ಹಿಡಿದು ನೋಡಿದೆ, ಸಾಲಿಗೆ ಸಾಲು ಕೂಡಿಬಂತು. ಆ ಕ್ಷಣಕ್ಕೆ ತೀರ್ಮಾನ ಆಗಿಹೋಯಿತು.

ದುಡ್ಡಿನ ವಿಷಯ. ಹೆಚ್ಚಿನ ರಿಫ್ರೆಶ್ ರೇಟ್, ಎಚ್‌ಡಿಆರ್ (ಬೆಳಕು-ಕತ್ತಲೆಯ ಹೆಚ್ಚಿನ ವ್ಯಾಪ್ತಿ ತೋರಿಸುವುದು), ಬಣ್ಣದ ದೀಪ, ಸ್ಪೀಕರ್ ಇವೆಲ್ಲ ನನಗೆ ಬೇಡವಾಗಿದ್ದವು. ಡಿಸ್‌ಪ್ಲೇ ಎಚ್‌ಡಿಆರ್ 400 ಅನ್ನುವ ಮುದ್ರೆ ನೋಡಿ ಮರುಳಾಗಬೇಡಿ. ಅದಕ್ಕೆ ಲೋಕಲ್ ಡಿಮ್ಮಿಂಗ್ (ಸ್ಕ್ರೀನಿನ ಭಾಗ ಭಾಗಕ್ಕೂ ಬೇರೆ ಬೆಳಕು) ಇರಲೇಬೇಕೆಂಬ ನಿಯಮವೇ ಇಲ್ಲ. ಹಿಂದಿನ ಸಾಲಿನ ಮಾದರಿ, ಕಚೇರಿ ಬಳಕೆಗೆ ಅಂತ ಮಾಡಿದ್ದು, ಪೆಟ್ಟಿಗೆ ಒಡೆದು ವಾಪಸ್ ಬಂದದ್ದು ಇದ್ದರೆ ಹುಡುಕಿ. ನನಗೆ ಹೊಸದರ ಬೆಲೆಯ ಮೂರರಲ್ಲಿ ಎರಡು ಪಾಲಿಗಿಂತ ಕಡಿಮೆಗೆ ಸಿಕ್ಕಿತು. ಉಳಿದದ್ದರಲ್ಲಿ ಒಂದು ಗಟ್ಟಿ ಆರ್ಮ್ (ಮಾನಿಟರ್ ಹಿಡಿದು ನಿಲ್ಲಿಸುವ ತೋಳು) ಕೊಂಡೆ. ಅದನ್ನು ಬಿಗಿಯಲು ಮಾನಿಟರಿನ ಹಿಂಬದಿಯಲ್ಲಿ 100 × 100 ಮಿಲಿಮೀಟರಿನ ವೆಸಾ ತೂತುಗಳಿವೆಯೇ ನೋಡಿಕೊಳ್ಳಿ. ದೂರದ ಲೆಕ್ಕ ಹಾಕಿದ ಮೇಲೆ ಆ ದೂರದಲ್ಲೇ ಸ್ಕ್ರೀನ್ ನಿಲ್ಲಬೇಕು ಅಲ್ವಾ?

ಮೊದಲು ಬಂದ ಪೀಸಿನಲ್ಲಿ ಎಡ ಕೆಳಮೂಲೆಯಿಂದ ಬೆಳಕು ಸೋರುತ್ತಿತ್ತು. ಮಾರಿದವರು "ಅದು ಮಾಮೂಲು, ನಿಯಮದ ಒಳಗೇ ಇದೆ" ಅಂದರು. ಫೋಟೋ ಕಳಿಸಿ ವಾದ ಮಾಡಬೇಡಿ, ಫೋನ್ ಕ್ಯಾಮೆರಾ ಸೋರಿಕೆಯನ್ನು ಹಿಗ್ಗಿಸಿ ತೋರಿಸುತ್ತದೆ ಅಂತ ಅವರಿಗೂ ಗೊತ್ತು. ನಾನು ಇಡೀ ಸ್ಕ್ರೀನಿಗೆ ಐದು ಶೇಕಡಾ ಬೂದು ಹಾಕಿ, ಅದೇ ಪುಟವನ್ನು 180 ಡಿಗ್ರಿ ತಿರುಗಿಸಿದ ಸ್ಕ್ರೀನಿನಲ್ಲೂ ತೋರಿಸಿದೆ. ಮಾನಿಟರಿನ ಜೊತೆ ಕಲೆಯೂ ತಿರುಗಿತು. ನಾವು ನೋಡುವ ಕೋನದಿಂದ ಬರುವ ಹೊಳಪಾದರೆ ಹಾಗೆ ಪ್ಯಾನೆಲ್ಲಿಗೆ ಅಂಟಿಕೊಂಡು ತಿರುಗುವುದಿಲ್ಲ. ಬದಲಾಯಿಸಿ ಕೊಟ್ಟರು.

ಎರಡನೆಯದನ್ನು ಪರೀಕ್ಷಿಸಿದ್ದು ಹೀಗೆ. ಮೊದಲು ಬ್ರೈಟ್‌ನೆಸ್ ಇಳಿಸಿದೆ. ಪಕ್ಕದಲ್ಲಿ ಬಿಳಿ ಹಾಳೆ ಹಿಡಿದರೆ ಎರಡೂ ಒಂದೇ ಬೆಳಕಿನಲ್ಲಿ ಕಾಣಬೇಕು, ನನ್ನ ಕೋಣೆಯಲ್ಲಿ ಅದು 25-30 ಶೇಕಡಾ. ಆಮೇಲೆ ಬಿಳಿ ಸ್ಕ್ರೀನಿನ ಮುಂದೆ ಪೆನ್ಸಿಲನ್ನು ಜೋರಾಗಿ ಆಡಿಸಿದೆ. ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಕಂಡರೆ ಬ್ಯಾಕ್‌ಲೈಟ್ ಮಿಣುಕುತ್ತಿದೆ ಅಂತ ಅರ್ಥ. ಪೂರ್ತಿ ಬೆಳಕಿನಲ್ಲಿ ಈ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ. ನನ್ನದರಲ್ಲಿ ಒಂದೇ ಮಸುಕು ಪಟ್ಟಿ ಕಂಡಿತು. ಆಮೇಲೆ ಕಪ್ಪಿನ ಮೇಲೆ ಕೆಂಪು ಅಕ್ಷರ. ಅದು ಕಲಸಿದಂತೆ ಕಂಡರೆ ಕೇಬಲ್ಲಿನಲ್ಲಿ ಬಣ್ಣದ ಮಾಹಿತಿ ಅರ್ಧ ಆಗಿ ಬರುತ್ತಿದೆ, ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಆರ್‌ಜಿಬಿ ಫುಲ್ ಮಾಡಿ. ಕೊನೆಗೆ ನನ್ನ ಪರೀಕ್ಷೆ ಪುಟ. ಆರರಿಂದ ಹನ್ನೆರಡು ಪಾಯಿಂಟ್‌ವರೆಗೆ ಒತ್ತಕ್ಷರದ ಸಾಲುಗಳಿವೆ. ಕೆಳಗಿನ ಎರಡು ಸಾಲುಗಳಲ್ಲಿ ಏನಿದೆ ಅನ್ನೋದನ್ನು ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ. ವರ್ಷಗಟ್ಟಲೆ ತಿದ್ದಿ ಕಟ್ಟಿದ ಸಾಲುಗಳು ಅವು. ಬಳಸಿದ ಮಾನಿಟರ್ ಎಷ್ಟು ಗಂಟೆ ಉರಿದಿದೆ ಅಂತ ತೋರಿಸುವ ಸರ್ವೀಸ್ ಮೆನು ಹಲವು ಮಾದರಿಗಳಲ್ಲಿ ಇರುತ್ತದೆ. ಯಾವ ಬಟನ್ ಒತ್ತಿ ಹಿಡಿಯಬೇಕು ಅನ್ನೋದೂ ಸದ್ಯಕ್ಕೆ ನನ್ನಲ್ಲೇ ಇರಲಿ. ಅಲ್ಲಿ ಬೇರೇನಾದರೂ ಮುಟ್ಟಿದರೆ ಪ್ಯಾನೆಲ್ ಕೆಡಬಹುದು.

ಸ್ಕೇಲಿಂಗ್ (ಸ್ಕ್ರೀನಿನ ಅಕ್ಷರ, ಐಕಾನುಗಳನ್ನು ಹಿಗ್ಗಿಸುವುದು) ಬಗ್ಗೆ ಎಲ್ಲರೂ ಹೆದರಿಸಿದ್ದರು. 150 ಶೇಕಡಾ ಇಟ್ಟಿದ್ದೇನೆ. 1440ಪಿಯಲ್ಲಿ ಸಿಗುವಷ್ಟೇ ಜಾಗ ಸಿಗುತ್ತದೆ, ಅಕ್ಷರ ಮಾತ್ರ ಚೊಕ್ಕ. ಹಳೆಯ ಟೈಪಿಂಗ್ ತಂತ್ರಾಂಶ ಒಂದು ಮಸುಕಾಗಿ ಬಂತು. ಅದರ ಐಕಾನಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿಗೆ ಹೋಗಿ ಡಿಪಿಐ ಆಯ್ಕೆ ಬದಲಿಸಿದೆ, ಸರಿಹೋಯಿತು. ಹಳೆ ಲ್ಯಾಪ್‌ಟಾಪ್ ಇರುವವರು ಪೋರ್ಟ್ ನೋಡಿಕೊಳ್ಳಿ. ಎಚ್‌ಡಿಎಂಐ 1.4 ಆದರೆ 4ಕೆ ಬರುವುದು 30 ಹರ್ಟ್ಸ್‌ನಲ್ಲಿ. ಮೌಸ್ ಕೈಗಿಂತ ಹಿಂದೆ ಓಡುತ್ತದೆ, ಅದನ್ನು ಸಹಿಸಲು ಆಗುವುದಿಲ್ಲ. ಡಿಸ್‌ಪ್ಲೇಪೋರ್ಟ್ 1.2 ಇದ್ದರೂ ಸಾಕು, 60 ಸಿಗುತ್ತದೆ.

ಇದರ ಮಧ್ಯೆ 43 ಇಂಚಿನ 4ಕೆ ಟಿವಿಯನ್ನೂ ಮಾನಿಟರ್ ಮಾಡಿ ನೋಡಿದೆ. 102 ಪಿಪಿಐ, ಅಂದರೆ 85 ಸೆಂಟಿಮೀಟರ್ ದೂರ ಕೂರಬೇಕು. ಇನ್‌ಪುಟ್ ಹೆಸರನ್ನು 'ಪಿಸಿ' ಅಂತ ಬದಲಿಸಿದ ಮೇಲೆ ಬಣ್ಣ ಕಲಸುವುದು ನಿಂತಿತು. ಲೆಕ್ಕಪತ್ರದ ದೊಡ್ಡ ಹಾಳೆಗಳಿಗೆ ಭರ್ಜರಿಯಾಗಿದೆ. ಅಕ್ಷರದ ಕೆಲಸಕ್ಕೆ ಬೇಡ.

4ಕೆಯೇ ಎಲ್ಲರಿಗೂ ಉತ್ತರ ಅಂತ ನಾನು ಹೇಳುತ್ತಿಲ್ಲ. ಮೊದಲು ಹೇಳಿದ ಇಬ್ಬರಲ್ಲಿ ಒಬ್ಬರು ಕೋಡ್ ಬರೆಯುವವರು, ಹಿಂದಕ್ಕೆ ಒರಗಿ ಕೂರುವ ಅಭ್ಯಾಸ. ಸಂಜೆ ಅಳೆದರೂ 80 ಬಂತು. 109 ಸಾಕಾಯಿತು, ಹಾಗಾಗಿ 27 ಇಂಚಿನ 1440ಪಿ ತೆಗೆದುಕೊಂಡರು. ನನ್ನದಕ್ಕಿಂತ ಅರ್ಧ ಖರ್ಚು. ಉಳಿದ ದುಡ್ಡಿನಲ್ಲಿ ಒಳ್ಳೆ ಕುರ್ಚಿ ಕೊಂಡರು. ಹೊಸ ಕುರ್ಚಿಯಲ್ಲಿ ಕೂತ ಮೇಲೆ ಮತ್ತೆ ಅಳೆದೆವು, ದೂರ 76ಕ್ಕೆ ಇಳಿದಿತ್ತು. ಆರ್ಮನ್ನು ನಾಲ್ಕು ಸೆಂಟಿಮೀಟರ್ ಹಿಂದಕ್ಕೆ ತಳ್ಳಿ ಬೋಲ್ಟ್ ಬಿಗಿ ಮಾಡಿದೆವು.