ಕೊಳೆನೀರಿನಿಂದ ಶಾಖ ತೆಗೆದಿದ್ದು: ನನ್ನ ಅನುಭವ

ಬಟ್ಟೆಗೆ ಬಣ್ಣ ಹಾಕಿ ತೊಳೆಯುವ ಡೈಯಿಂಗ್ ಲೈನಿನ ಕೊಳೆನೀರಿನಿಂದ ಶಾಖ ತೆಗೆಯುತ್ತೇನೆ ಎಂದಾಗ ಬಾಯ್ಲರ್ ಹುಡುಗರು ನಕ್ಕಿದ್ದರು. "ಶಾಖ ಸಿಗಲ್ಲ ಸಾರ್, ಜುಂಗು ಸಿಗುತ್ತೆ" ಅಂದರು. ಜುಂಗು ಅಂದರೆ ಬಟ್ಟೆಯಿಂದ ಉದುರುವ ಎಳೆ. ಮೊದಲ ಸಲ ಅವರ ಮಾತೇ ನಿಜವಾಯಿತು.

ಎಲ್ಲ ಡ್ರೈನುಗಳೂ ಸೇರುವ ಗುಂಡಿಯಿಂದ ನೀರೆತ್ತಿ, ತೆಳು ತಗಡುಗಳ ಒಂದು ಬದಿಯ ಬಿಸಿಯನ್ನು ಇನ್ನೊಂದು ಬದಿಯ ಶುದ್ಧ ನೀರಿಗೆ ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರಿಗೆ ಕೊಟ್ಟಿದ್ದೆ. ಬಿಸಿ ತೊಳೆತದ ನೀರು 62 ಡಿಗ್ರಿ. ತಣ್ಣನೆಯದೂ ಬಂದು ಸೇರಿ ಗುಂಡಿಯಲ್ಲಿ 45 ಕೂಡ ಉಳಿಯುತ್ತಿರಲಿಲ್ಲ. ಮೂರೇ ವಾರಕ್ಕೆ ಪ್ಲೇಟುಗಳ ನಡುವೆ ಜುಂಗು ಕಟ್ಟಿತು. ಬಿಚ್ಚು, ತೊಳಿ, ಗ್ಯಾಸ್ಕೆಟ್ ಹಾಕು. ಇಂಧನದಲ್ಲಿ ಉಳಿದದ್ದಕ್ಕಿಂತ ಗ್ಯಾಸ್ಕೆಟಿಗೇ ಜಾಸ್ತಿ ಹೋಯಿತು.

ಎರಡನೇ ಸಲ ಮೊದಲು ನೀರಿನ ಲೆಕ್ಕಕ್ಕೆ ಕೂತೆ. ಕೊನೆಯ ತೊಳೆತದ ನೀರು ಹೆಚ್ಚುಕಡಿಮೆ ಶುದ್ಧವೇ. ಅದನ್ನು ಬಿಸಿ ಆರುವ ಮೊದಲೇ ಮೊದಲ ತೊಳೆತಕ್ಕೆ ತಿರುಗಿಸಿದೆ. ಗಂಟೆಗೆ 12 ಟನ್ ಹೊಸ ನೀರು 9ಕ್ಕೆ ಇಳಿಯಿತು, ಜೊತೆಗೆ ಕಾಯಿಸುವ ಹೊರೆಯೂ. ಪಿಂಚ್ ಲೆಕ್ಕ (ಯಾವ ಬಿಸಿಯಿಂದ ಯಾವ ತಣ್ಣನೆಯದಕ್ಕೆ ಎಷ್ಟು ಶಾಖ ದಾಟಿಸಬಹುದು ಎಂಬುದು) ಮೊದಲು, ನೀರು ಆಮೇಲೆ ಅಂತ ಹೊರಟಿದ್ದೇ ನನ್ನ ತಪ್ಪು.

ಆಮೇಲೆ ಬಿಸಿ ಡ್ರೈನನ್ನು ಬೇರೆ ಮಾಡಿ, ಅಗಲ ಸಂದಿನ ಪ್ಲೇಟು ಹಾಕಿ, ಮುಂದೆ ತಿರುಗುವ ಜರಡಿ ಇಟ್ಟೆ. ಕೊಳೆನೀರಿಗೂ ಶುದ್ಧ ನೀರಿಗೂ 10 ಡಿಗ್ರಿ ಅಂತರ ಇಟ್ಟರೆ 25ರ ನೀರು 52ಕ್ಕೆ ಬರುತ್ತದೆ. ಅಲ್ಲಿಂದ 80ಕ್ಕೆ ಸ್ಟೀಮ್. ಮೊದಲು 770 ಕಿಲೋವ್ಯಾಟ್ ಬೇಕಿದ್ದಲ್ಲಿ ಈಗ 300 ಸಾಕು. ಅಂತರ 5 ಡಿಗ್ರಿ ಇಡಿ ಎಂದವರೂ ಇದ್ದರು. ಪ್ಲೇಟಿನ ಏರಿಯಾ ಎರಡು ಪಟ್ಟಿಗೂ ಜಾಸ್ತಿ ಬೇಕು, ಹೆಚ್ಚಿಗೆ ಸಿಗುವುದು ಐದೇ ಡಿಗ್ರಿ. ಯಾಕೆ ಬೇಕು ಅಲ್ವಾ?

ಶುದ್ಧ ನೀರಿನ ಕಡೆ ಒತ್ತಡ ಯಾವಾಗಲೂ ಮೇಲಿರಲಿ. ಸೋರಿದರೂ ಬಣ್ಣ ಬಟ್ಟೆಗೆ ಬರುವುದಿಲ್ಲ. ಬ್ಯಾಕ್‌ಫ್ಲಶ್ (ನೀರನ್ನು ಹಿಮ್ಮುಖ ಹರಿಸಿ ಜುಂಗು ತೆಗೆಯುವುದು) ಯಾವಾಗ ಶುರುವಾಗಬೇಕು ಎಂಬ ಲೆಕ್ಕ ಮಾತ್ರ ನನ್ನ ಹತ್ತಿರವೇ ಇರಲಿ, ಎರಡು ಗ್ಯಾಸ್ಕೆಟ್ ಸೆಟ್ ಕೊಟ್ಟು ಕಲಿತದ್ದು.

ನಡುವೆ ಬಿಸಿನೀರಿನ ಟ್ಯಾಂಕಿನಲ್ಲೂ ಕೈಯಾಡಿಸಿದೆ. ನೀರು ರಭಸದಿಂದ ಬಿದ್ದು ಮೇಲಿನ ಬಿಸಿ, ಕೆಳಗಿನ ತಣ್ಣಗೆ ಎಲ್ಲ ಕಲಸಿಹೋಗುತ್ತಿತ್ತು. ಗುಜರಿಯಲ್ಲಿದ್ದ ದಪ್ಪ ಪೈಪಿಗೆ ಸುಮ್ನೆ ತೂತು ಕೊರೆದು ಅಡ್ಡ ಇಟ್ಟೆ. ನೀರು ತೂತುಗಳಿಂದ ನಿಧಾನಕ್ಕೆ ಬಂದು ಬಿಸಿ, ತಣ್ಣನೆಯ ಪದರ ಬೇರೆಬೇರೆಯಾಗಿ ನಿಂತಿತು.

ಎಕ್ಸ್‌ಚೇಂಜರಿಗಿಂತ ಪೈಪು, ಇನ್ಸುಲೇಶನ್ನಿಗೇ ಹೆಚ್ಚು ದುಡ್ಡು ಹೋಯಿತು. ಹಾಳಾದ ಮೊದಲನೆಯದನ್ನೂ ಸೇರಿಸಿ ಹದಿನೇಳು ತಿಂಗಳಲ್ಲಿ ವಾಪಸ್ ಬಂತು. ಹೊರಹೋಗುವ ನೀರು ಈಗ 35 ಡಿಗ್ರಿ. ಶುದ್ಧೀಕರಣ ಘಟಕದ ಮುಂದಿನ ಕೂಲಿಂಗ್ ಟವರಿನ ಫ್ಯಾನು ನಿಂತೇ ಹೋಗಿದೆ. ಆ ಕರೆಂಟನ್ನು ನಾನೂ ಲೆಕ್ಕಕ್ಕೆ ಹಿಡಿದಿರಲಿಲ್ಲ.