ಹತ್ತು ಸಾಲು ಬಂದರೆ ಹತ್ತು ಜನ: ಒಂದೇ ಹೆಸರಿನವರನ್ನು ಬಿಡಿಸಿದ ನನ್ನ ಅನುಭವ

ಜನರ ಪೂರ್ವಾಪರವನ್ನು ದಾಖಲೆಗಳಲ್ಲಿ ಹುಡುಕಿಕೊಡುವುದು ನನ್ನ ಕಸುಬು, ಒಂದೇ ಹೆಸರಿನ ಬೇರೆ ಬೇರೆಯವರನ್ನು ಬಿಡಿಸುವುದೇ ಅದರಲ್ಲಿ ಕಷ್ಟ. ಮೊದಲು ದುಡ್ಡು ಹೋದ ಕಥೆ ಹೇಳಿಬಿಡುತ್ತೇನೆ. 2018ರ ಆರಂಭ. ಮುಂಬಯಿ ಪಕ್ಕದ ಠಾಣೆಯ ಹೋಟೆಲ್ ಮಾಲೀಕರೊಬ್ಬರು, ಪಾಲುದಾರನಾಗಿ ಬರುವವನ ಪೂರ್ವಾಪರ ನೋಡಿಕೊಡಿ ಎಂದು ಕೆಲಸ ಕೊಟ್ಟಿದ್ದರು. ಅವನ ಹೆಸರು ರಮೇಶ್ ಶೆಟ್ಟಿ ಎಂದಿಟ್ಟುಕೊಳ್ಳಿ. ನಿಜ ಹೆಸರು ಬೇರೆ, ಆದರೆ ಅಷ್ಟೇ ಸಾಮಾನ್ಯದ್ದು. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಸರ್ಕಾರ ಅನರ್ಹ ಕಂಪನಿ ನಿರ್ದೇಶಕರ ಪಟ್ಟಿ ಹೊರಡಿಸಿತ್ತಲ್ಲ, ಮೂರು ವರ್ಷ ರಿಟರ್ನ್ ಹಾಕದ ಕಂಪನಿಗಳವರದ್ದು, ಮೂರು ಲಕ್ಷ ದಾಟಿದ ಹೆಸರುಗಳು. ಮುಂಬಯಿಯ ಕಂಪನಿ ರಿಜಿಸ್ಟ್ರಾರರ ಪಿಡಿಎಫ್‌ನಲ್ಲಿ ಹೆಸರು ಸಿಕ್ಕಿತು, ಖುಷಿಯಲ್ಲಿ ವರದಿ ಬರೆದು ಕೊಟ್ಟೆ.

ಪಟ್ಟಿಯಲ್ಲಿದ್ದವನು ಬೇರೆ ಮನುಷ್ಯ. ಪಾಲುದಾರಿಕೆ ಮುರಿದುಬಿತ್ತು. 18,000 ಫೀಸು ವಾಪಸು ಕೊಟ್ಟೆ, ಮೇಲಿಂದ ವಕೀಲರ ನೋಟಿಸಿಗೆ ಉತ್ತರ ಬರೆಸಲು ಆರೋ ಏಳೋ ಸಾವಿರ. ಹೊಟ್ಟೆ ಉರಿದದ್ದು ಅದಕ್ಕಲ್ಲ. ಆಮೇಲೆ ನೂರು ರೂಪಾಯಿ ಕಟ್ಟಿ ಆ ಕಂಪನಿಯ ಕಡತ ತೆಗೆದು ನೋಡಿದೆ. ಹಳೆಯ ಕಂಪನಿಗಳಲ್ಲಿ ಮೆಮೊರಾಂಡಮ್ಮಿನ, ಅಂದರೆ ಕಂಪನಿ ಹುಟ್ಟುವಾಗ ಸಲ್ಲಿಸುವ ಪತ್ರದ, ಕೊನೆಯ ಹಾಳೆಯಲ್ಲಿ ಮೊದಲ ಷೇರುದಾರರು ಕೈಯಾರೆ ಬರೆದ ವಿವರ ಇರುತ್ತದೆ: ಹೆಸರು, ತಂದೆಯ ಹೆಸರು, ಉದ್ಯೋಗ. ನೀಲಿ ಶಾಯಿ ಸ್ಕ್ಯಾನಿನಲ್ಲಿ ಬೂದಿಯಾಗಿತ್ತು, ಆದರೂ ಓದಬಹುದಿತ್ತು. ತಂದೆಯ ಹೆಸರೇ ಬೇರೆ. ಸಹಿ ಅಚ್ಚ ಕನ್ನಡದಲ್ಲಿ, ಶಕಾರದ ಹೊಟ್ಟೆ ದುಂಡಗೆ ಬಿಟ್ಟು. ನನ್ನ ರಮೇಶ್ ಶೆಟ್ಟಿ ಡೊಂಬಿವಲಿಯಲ್ಲಿ ಹುಟ್ಟಿದವನು, ಕನ್ನಡ ಮಾತಾಡಬಲ್ಲ, ಬರೆಯಲು ಬಾರದು. ನೂರು ರೂಪಾಯಿ ಉಳಿಸಲು ಹೋಗಿ ಇಪ್ಪತ್ತೈದು ಸಾವಿರ ಕಳಕೊಂಡೆ.

ಅಂದಿನಿಂದ ಕ್ರಮವನ್ನೇ ತಿರುಗಿಸಿದೆ. ಹೆಸರು ಹಾಕಿ ಹುಡುಕಿ, ಬಂದದ್ದನ್ನೆಲ್ಲ ಒಂದೇ ತಲೆಗೆ ಕಟ್ಟಿ, ಹೊಂದದ್ದನ್ನು ಕಿತ್ತುಹಾಕುವುದು ನಮ್ಮ ಕಸುಬಿನ ಅಭ್ಯಾಸ. ನಾನು ಈಗ ಪ್ರತಿ ದಾಖಲೆಯನ್ನೂ ಬೇರೆ ಮನುಷ್ಯನದೇ ಎಂದು ಹಿಡಿಯುತ್ತೇನೆ. ಹತ್ತು ಸಾಲು ಬಂದರೆ ಹತ್ತು ಜನ. ಎರಡು ಸಾಲು ಕೂಡಿಸಬೇಕಾದರೆ ಹೆಸರು ಲೆಕ್ಕಕ್ಕಿಲ್ಲ, ಬೇರೆ ಎರಡು ಸಾಕ್ಷಿ ಬೇಕು, ಅದರಲ್ಲೊಂದು ಸದಸ್ಯತ್ವದ್ದೋ ನೋಂದಣಿಯದ್ದೋ ನಂಬರೇ ಆಗಿರಬೇಕು. ಮುಂಬಯಿಯ ಫೋರ್ಟ್ ಬಡಾವಣೆಯಲ್ಲಿ ಇದೇ ಕೆಲಸ ಮಾಡುವ ಹಿರಿಯರೊಬ್ಬರಿದ್ದಾರೆ, ನನಗೆ ದಾರಿ ತೋರಿಸಿದವರು. ಕೇಳಿ ನಕ್ಕುಬಿಟ್ಟರು. "ಎಂತ ಮಾರಾಯ, ಹೀಗೆ ಕೂತ್ರೆ ದಿನಕ್ಕೆ ಎರಡು ಹೆಸರು ಮುಗೀಲಿಕ್ಕಿಲ್ಲ. ಗಂಜಿಗೆ ಎಂತ ಮಾಡ್ತಿ?" ಮೊದಲ ಆರು ತಿಂಗಳು ಅವರು ಹೇಳಿದ್ದೇ ಸರಿಯಾಗಿತ್ತು. ತಿಂಗಳಿಗೆ ನಲವತ್ತು ಸಾವಿರ ಬರುತ್ತಿದ್ದದ್ದು ಹದಿನೆಂಟು ಸಾವಿರಕ್ಕೆ ಇಳಿಯಿತು.

ನಂಬರನ್ನೂ ಕಣ್ಣುಮುಚ್ಚಿ ನಂಬಬಾರದು. ಸಿ.ಎ.ಗಳದ್ದು ಸುಲಭ, ಸದಸ್ಯತ್ವದ ಸಂಖ್ಯೆ ಕಡೆತನಕ ಒಂದೇ. 2019ರಿಂದ ಅವರು ಕೊಡುವ ಪ್ರಮಾಣಪತ್ರಗಳಿಗೆ ಯುಡಿನ್ ಎಂಬ ಒಂದೊಂದು ಗುರುತು ಸಂಖ್ಯೆ ಬಂದ ಮೇಲೆ ಇನ್ನೂ ಸಲೀಸು: ಮೊದಲೆರಡು ಅಂಕಿ ವರ್ಷ, ಆಮೇಲಿನ ಆರು ಅವರ ಸದಸ್ಯ ಸಂಖ್ಯೆ. ಕಂಪನಿ ಸೆಕ್ರೆಟರಿಗಳ ಮೇಲೆ ಮಾತ್ರ ನನಗೆ ಸಿಟ್ಟು. ಅಸೋಸಿಯೇಟ್ ಸದಸ್ಯರಾಗಿದ್ದಾಗ ಒಂದು ನಂಬರು, ಮೇಲಿನ ದರ್ಜೆಯ ಫೆಲೋ ಆದ ಕೂಡಲೇ ಇನ್ನೊಂದು, ಪ್ರಾಕ್ಟೀಸ್ ಸರ್ಟಿಫಿಕೇಟಿಗೆ ಮತ್ತೊಂದು. ಒಬ್ಬ ಹೆಂಗಸನ್ನು ಮೂರು ಜನ ಮಾಡಿ ಎರಡು ದಿನ ಕಳೆದಿದ್ದೇನೆ. ವಕೀಲರ ಸನದಿನ ನಂಬರಿನಲ್ಲಿ ‘ಮಹಾ’ ಎಂದಿದ್ದ ಮಾತ್ರಕ್ಕೆ ಮುಂಬಯಿಯವರೆಂದು ಬರೆಯಬೇಡಿ. ಮಹಾರಾಷ್ಟ್ರಕ್ಕೂ ಗೋವಾಕ್ಕೂ ಬಾರ್ ಕೌನ್ಸಿಲ್ ಒಂದೇ, ಪಣಜಿಯವರಿಗೂ ಅದೇ ಅಕ್ಷರ.

ಡಾಕ್ಟರುಗಳದ್ದು ಬೇರೆ ತಮಾಷೆ. ಲೆಟರ್‌ಹೆಡ್ಡಿನಲ್ಲಿ ಕೆ.ಎಂ.ಸಿ. ಎಂದಿದ್ದರೆ ನಮ್ಮವರ ಕಣ್ಣಿಗೆ ಕಾಣುವುದು ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜು. ಆದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್ಲೂ ಕೆ.ಎಂ.ಸಿ.ಯೇ. ಓದಿದ ಕಾಲೇಜೋ, ನೋಂದಣಿಯ ಮಂಡಳಿಯೋ? ಮುಂದೆ ಅಂಕಿ ಇದ್ದರೆ ಮಂಡಳಿ. ಅಲ್ಲಿಂದ ಎನ್‌ಒಸಿ ತಂದು ಮಹಾರಾಷ್ಟ್ರ ಕೌನ್ಸಿಲಿಗೆ ಬಂದವರಿಗೆ ಇಲ್ಲಿ ಹೊಸ ನಂಬರು, ಹಾಗಾಗಿ ಒಬ್ಬನೇ ಡಾಕ್ಟರು ಎರಡು ಕಡೆ ಸಿಗುತ್ತಾನೆ. ಕೂಡಿಸಲು ದೆಹಲಿಯಲ್ಲಿಟ್ಟಿರುವ ಇಡೀ ದೇಶದ ಡಾಕ್ಟರುಗಳ ರಿಜಿಸ್ಟರಿನಲ್ಲಿರುವ ತಂದೆಯ ಹೆಸರೇ ಆಧಾರ.

ನಮ್ಮ ಕರಾವಳಿಯವರಲ್ಲದವರು ಮುಗ್ಗರಿಸುವುದು ಇಲ್ಲೇ. ತಂದೆ ಹೆಗ್ಡೆ, ಮಗ ಶೆಟ್ಟಿ ಎಂದು ಕಂಡರೆ ‘ಹೊಂದುವುದಿಲ್ಲ’ ಎಂದು ಗುರುತು ಹಾಕಿ ಮುಂದೆ ಹೋಗುತ್ತಾರೆ. ಅಳಿಯಕಟ್ಟಿನವರಲ್ಲಿ ಮನೆತನ ತಾಯಿಯ ಕಡೆಯಿಂದ, ಹಳಬರಲ್ಲಿ ಇದು ತೀರಾ ಸಹಜ. ಮುಂಬಯಿ ಶಾಲೆಗೆ ಸೇರಿದ ಮಕ್ಕಳಲ್ಲಿ ಉಲ್ಟಾ: ನಡು ಹೆಸರು ಅಪ್ಪನದು, ಮದುವೆಯಾದರೆ ಗಂಡನದು. ಊರಲ್ಲಿ ಮುಂದೆ ಬರುತ್ತಿದ್ದ ಇನಿಷಿಯಲ್ ಇಲ್ಲಿಗೆ ಬರುವಷ್ಟರಲ್ಲಿ ಮಾಯ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ನನ್ನ ಹತ್ತಿರ ಇಸವಿ ನೋಡುವ ಒಂದು ಉಪಾಯ ಇದೆ. ಅದು ನನ್ನ ಅನ್ನ, ಹೇಳುವುದಿಲ್ಲ.

ಲಾಕ್‌ಡೌನಿನಲ್ಲಿ ಕೆಲಸವಿಲ್ಲದೆ ಅಳಿಯನನ್ನು ಕೂರಿಸಿಕೊಂಡು ಸೌಂಡೆಕ್ಸ್ ಪ್ರಯೋಗ ಮಾಡಿದೆ, ಉಚ್ಚಾರದ ಮೇಲೆ ಹೆಸರು ಜೋಡಿಸುವ ಆ ನೂರು ವರ್ಷದ ಹಳೇ ಸೂತ್ರ. ಶೆಟ್ಟಿಯನ್ನು ಇಂಗ್ಲಿಷಿನಲ್ಲಿ ವೈ ಹಾಕಿ ಬರೆದರೂ ಐ ಹಾಕಿ ಬರೆದರೂ ಒಂದೇ ಗುಂಪಿಗೆ ಬಂತು, ಭಲೇ ಎಂದುಕೊಂಡೆ. ನೋಡಿದರೆ ಸಾಠೆ, ಶೇಟೆ, ಸೂದ್ ಎಲ್ಲರೂ ಅದೇ ಗುಂಪಿನಲ್ಲಿ ಕುಳಿತಿದ್ದಾರೆ. ಪೂಜಾರಿಗಳ ಜೊತೆ ಪಗಾರೆಗಳು. ಮೂರು ವಾರ, ಅಳಿಯನಿಗೊಂದು ಹೆಡ್‌ಫೋನಿನ ಲಂಚ, ಎಲ್ಲ ನೀರಿಗೆ. ಅಮೆರಿಕದ ಹೆಸರಿಗೆ ಮಾಡಿದ ಸೂತ್ರ ಪುಣೆ–ಕುಂದಾಪುರಕ್ಕೆ ಎಲ್ಲಿಂದ ನಡೆಯಬೇಕು?

ವಿಳಾಸ, ಮೊಬೈಲು ಕಣ್ಣಿಗೆ ಬಿದ್ದರೂ ವರದಿಗೆ ಹಾಕುವುದಿಲ್ಲ. ಒಬ್ಬ ಗಿರಾಕಿ ಅದಕ್ಕೇ ಜಗಳ ತೆಗೆದು ಹೋದ, ಹೋಗಲಿ.

ಈವರೆಗೆ ಇನ್ನೂರೈವತ್ತರ ಹತ್ತಿರ ಹೆಸರು ಈ ರೀತಿ ಬಿಡಿಸಿದ್ದೇನೆ, ತಪ್ಪಾಗಿ ವಾಪಸು ಬಂದದ್ದು ಎರಡು. ಬರೇ ಹೆಸರು ಬಿಡಿಸುವ ಫೀಸು ಒಂದಕ್ಕೆ 800 ಇದ್ದದ್ದು ಈಗ 3,000ಕ್ಕೆ ಕಡಿಮೆ ಇಲ್ಲ. ಕಳೆದ ತಿಂಗಳು ಫೋರ್ಟಿನ ಹಿರಿಯರೇ ಫೋನ್ ಮಾಡಿದರು: "ಒಬ್ಬ ಪೂಜಾರಿ ಸಿಕ್ಕಿಹಾಕ್ಕೊಂಡಿದ್ದಾನೆ, ಸ್ವಲ್ಪ ಒಡೆದು ಕೊಡು." ಐದು ಸಾವಿರ ಎಂದೆ, ಮೂರೂವರೆಗೆ ಇಳಿಸಿದರು. ಅವರು ಒಬ್ಬ ಎಂದವನು ಆರು ಜನ ಆದ. ಆರರಲ್ಲಿ ಇಬ್ಬರು ನಿಜಕ್ಕೂ ಇಬ್ಬರೋ ಒಬ್ಬನೇನೋ ನನಗೂ ತಿಳಿಯಲಿಲ್ಲ, ವರದಿಯಲ್ಲಿ ಹಾಗೇ ಬರೆದು ಕಳಿಸಿದೆ.